ಹೆಚ್ಚಿನ ಅರ್ಧ ಗಂಟೆ

ನನಗೆ ಕಾಯುವುದೆಂದರೆ ಆಗದು. ಹಾಲು ಕಾಯುವವರೆಗೆ ಒಲೆಯ ಮುಂದೆ ನಿಲ್ಲಲಾರೆ, ಹಾಗಾಗಿ ನಮ್ಮ ಮನೆಯಲ್ಲಿ ಹಾಲು ಉಕ್ಕಿ ಚೆಲ್ಲದ ದಿನವೇ ಕಡಿಮೆ. ಬಸ್ಸು ಐದು ನಿಮಿಷ ತಡವಾದರೆ ಮುಂದಿನ ಸ್ಟಾಪಿಗೆ ನಡೆದುಬಿಡುತ್ತೇನೆ, ಎರಡು ಸ್ಟಾಪುಗಳ ನಡುವೆ ಇರುವಾಗ ಬಸ್ಸು ನನ್ನ ಪಕ್ಕದಲ್ಲೇ ಹಾದುಹೋಗುತ್ತದೆ. ಯಾರಾದರೂ ಮಾತಾಡುತ್ತ ಒಂದು ಪದಕ್ಕೆ ತಡವರಿಸಿದರೆ ಆ ಪದವನ್ನು ನಾನೇ ಅವರ ಬಾಯಿಗೆ ಇಟ್ಟುಬಿಡುತ್ತೇನೆ. "ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದೀಯ, ಬಾಯಿಗೂ ಕಟ್ಕೊಂಡಿದೀಯ" ಎಂದು ಅಮ್ಮ ಬೈಯುತ್ತಿದ್ದಳು. ಇದೆಲ್ಲ ನಗುವ ಸಂಗತಿ ಎಂದೇ ಬಹಳ ಕಾಲ ತಿಳಿದಿದ್ದೆ. ಒಂದು ಸಲ ಮಾತ್ರ ಇದು ನಗುವ ಸಂಗತಿಯಾಗಿರಲಿಲ್ಲ, ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ನಡುವಿನ ಮಾತು. ಅರಸೀಕೆರೆಯಲ್ಲಿ ನಾನು ಒಂಬತ್ತನೇ ತರಗತಿ ಓದುತ್ತಿದ್ದೆ. ಒಂದು ದಿನ ಕನ್ನಡ ಮೇಷ್ಟ್ರು ನನ್ನನ್ನು ಸ್ಟಾಫ್ ರೂಮಿಗೆ ಕರೆದರು. ಏನು ತಪ್ಪು ಮಾಡಿದೆನೋ ಎಂದು ಲೆಕ್ಕ ಹಾಕುತ್ತ ಹೋದೆ. ಅವರು ನನ್ನ ನೋಟ್ಸನ್ನು ಮೇಜಿನ ಮೇಲೆ ತೆರೆದಿಟ್ಟುಕೊಂಡಿದ್ದರು.

"ನಿನ್ನ ಅಕ್ಷರ ದುಂಡಗಿದೆ, ಕೈಯೂ ಓಡುತ್ತೆ. ಹಾರನಹಳ್ಳೀಲಿ ಒಬ್ಬ ಹೆಣ್ಣುಮಗಳಿದ್ದಾಳೆ, ಕಣ್ಣು ಕಾಣಲ್ಲ. ಎಸ್ಸೆಸ್ಸೆಲ್ಸಿಗೆ ಪ್ರೈವೇಟಾಗಿ ಕಟ್ಟಿದಾಳೆ. ಅವಳು ಹೇಳ್ತಾಳೆ, ನೀನು ಬರೀಬೇಕು. ಆಗುತ್ತಾ?"

"ಆಗುತ್ತೆ ಸಾರ್" ಎಂದೆ. ಅವರು ಮಾತು ಮುಗಿಸುವ ಮುಂಚೆಯೇ ಅಂದಿದ್ದೆ ಎಂದು ಕಾಣುತ್ತದೆ, ಯಾಕೆಂದರೆ ಅವರು ನಕ್ಕರು.

ಹೀಗೆ ಬರೆಯುವವರು ಅಭ್ಯರ್ಥಿಗಿಂತ ಕೆಳಗಿನ ತರಗತಿಯವರಾಗಿರಬೇಕು ಎಂಬುದು ನಿಯಮ. ಉತ್ತರ ಗೊತ್ತಿಲ್ಲದವರು ಬರೆದರೆ ಮೋಸಕ್ಕೆ ಜಾಗವಿರುವುದಿಲ್ಲ ಎಂಬ ಲೆಕ್ಕಾಚಾರ. ಆ ನಿಯಮ ಮಾಡಿದವರು ನಮ್ಮ ಮನೆಗೆ ಬಂದಿರಲಿಲ್ಲ. ಹಿಂದಿನ ವರ್ಷವಷ್ಟೇ ನನ್ನ ಅಣ್ಣ ಎಸ್ಸೆಸ್ಸೆಲ್ಸಿ ಮುಗಿಸಿದ್ದ. ಅವನು ಮುಟ್ಟದೆ ಬಿಟ್ಟಿದ್ದ ಕನ್ನಡ ಗೈಡನ್ನು ನಾನು ಮೊದಲಿಂದ ಕೊನೆಯವರೆಗೆ ಓದಿದ್ದೆ. ಓದುವುದಕ್ಕೆ ಬೇರೇನೂ ಇಲ್ಲದಿದ್ದರೆ ಪೊಟ್ಟಣ ಕಟ್ಟಿದ ಪೇಪರನ್ನೂ ಬಿಚ್ಚಿ ಓದುವ ಜಾತಿ ನನ್ನದು. ಅದರಲ್ಲಿದ್ದ ಪ್ರಬಂಧಗಳೆಲ್ಲ ನನಗೆ ಬಾಯಿಪಾಠವಾಗಿದ್ದವು.

ಹಾರನಹಳ್ಳಿಯ ಆ ಅಕ್ಕನಿಗೆ ಆಗ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ಒಂಬತ್ತನೇ ವಯಸ್ಸಿನಲ್ಲಿ ಜ್ವರ ಬಂದು ಕಣ್ಣು ಹೋಗಿತ್ತು. ಅವಳ ತಂಗಿ ಜೋರಾಗಿ ಓದಿ ಹೇಳುತ್ತಿದ್ದಳಂತೆ, ಇವಳು ಕೇಳಿ ಕಲಿಯುತ್ತಿದ್ದಳಂತೆ. ಹಾಗೆ ಕಲಿತೇ ಉಳಿದ ವಿಷಯಗಳನ್ನೆಲ್ಲ ಪಾಸು ಮಾಡಿಕೊಂಡಿದ್ದಳು. ಉಳಿದದ್ದು ಕನ್ನಡವೊಂದೇ. ಮನೆಮಾತಿನಲ್ಲೇ ಡುಮ್ಕಿ ಎಂದು ಊರವರು ಹಾಸ್ಯ ಮಾಡುತ್ತಿದ್ದರು, ಆದರೆ ತಪ್ಪು ಅವಳದಾಗಿರಲಿಲ್ಲ. ಕನ್ನಡಕ್ಕೆ ಉದ್ದುದ್ದ ಬರೆಯಬೇಕು. ಮೊದಲ ಸಲ ಬರೆಯಲು ಬಂದ ಹುಡುಗಿ ಭಯಕ್ಕೆ ಅರ್ಧ ಪೇಪರನ್ನೂ ಬರೆದಿರಲಿಲ್ಲ. ಎರಡನೇ ಸಲ ಬರೆಯುವವರನ್ನು ಕರೆತರಲು ಬೇಕಾದ ಅನುಮತಿ ಪತ್ರ ಪರೀಕ್ಷೆ ಮುಗಿದ ಮೇಲೆ ಬಂತು. ಪತ್ರವೇನೋ ಚೆನ್ನಾಗಿಯೇ ಇತ್ತು, ಸೀಲು ಸಹಿ ಎಲ್ಲ ಇದ್ದವು.

ಇದು ಮೂರನೇ ಸಲ. ಬೆಂಗಳೂರಿನಲ್ಲಿ ಕಣ್ಣು ಕಾಣದವರಿಗೆ ಟೆಲಿಫೋನ್ ಆಪರೇಟರ್ ಕೆಲಸ ಕಲಿಸುವ ಒಂದು ಕಡೆ ಅವಳಿಗೆ ಸೀಟು ಸಿಕ್ಕಿತ್ತು. ರಿಸಲ್ಟ್ ಬರುವವರೆಗೆ ಸೀಟು ಇಟ್ಟಿರುತ್ತೇವೆ, ಪಾಸಾಗದಿದ್ದರೆ ಬೇರೆಯವರಿಗೆ ಕೊಡುತ್ತೇವೆ ಎಂದು ಅವರು ಬರೆದಿದ್ದರು. ಅವಳ ಅವ್ವ ಆ ಕಾಗದವನ್ನು ನನಗೆ ತೋರಿಸಿ, "ಇದೇ ಕಡೇ ಸಲ ಕಣವ್ವ. ಇನ್ನೊಂದ್ ಸಲ ಕಟ್ಟಕ್ಕೆ ಅವರಪ್ಪ ಒಪ್ಪಲ್ಲ. ಆಗ್ಲಿಲ್ಲ ಅಂದ್ರೆ ಇಲ್ಲೇ ರಾಗಿ ಕಲ್ಲು ಆರಿಸ್ಕಂಡು ಇರ್ತಾಳೆ" ಎಂದಳು. ಅಕ್ಕ ಆಗಲೂ ಮೊರ ಹಿಡಿದು ರಾಗಿಯಲ್ಲಿ ಕಲ್ಲು ಆರಿಸುತ್ತ ಕೂತಿದ್ದಳು. ಬೆರಳಿಗೆ ಸಿಕ್ಕ ಕಲ್ಲನ್ನು ಪಕ್ಕದ ತಟ್ಟೆಗೆ ಹಾಕುತ್ತಿದ್ದಳು, ಟಣ್ ಎನ್ನುತ್ತಿತ್ತು.

ಪರೀಕ್ಷೆಗೆ ಮುಂಚೆ ಐದಾರು ಭಾನುವಾರ ನಾನು ಟೆಂಪೋ ಹತ್ತಿ ಹಾರನಹಳ್ಳಿಗೆ ಹೋದೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಇಟ್ಟುಕೊಂಡು ಅಭ್ಯಾಸ. ಅವಳು ಮಾತಿನ ನಡುವೆ ಚಿಹ್ನೆಗಳ ಹೆಸರು ಹೇಳುತ್ತಿರಲಿಲ್ಲ, ಉಗುರಿನಿಂದ ಮೇಜು ತಟ್ಟುತ್ತಿದ್ದಳು. ಒಂದು ಸಲ ತಟ್ಟಿದರೆ ಅಲ್ಪವಿರಾಮ, ಎರಡು ಸಲ ತಟ್ಟಿದರೆ ಪೂರ್ಣವಿರಾಮ, ಅಂಗೈ ಬಡಿದರೆ ಹೊಸ ಪ್ಯಾರಾ. ಪ್ರತಿ ಉತ್ತರ ಮುಗಿದ ಮೇಲೆ "ಓದು" ಎನ್ನುತ್ತಿದ್ದಳು. ನಾನು ಬರೆದದ್ದನ್ನು ಓದಿ ಹೇಳಬೇಕು, ಅವಳು ತಲೆಯಾಡಿಸಿದ ಮೇಲೆಯೇ ಮುಂದಿನ ಪ್ರಶ್ನೆ.

ಎಲ್ಲ ಸರಿಯಿತ್ತು, ಅವಳ ಮೌನವೊಂದನ್ನು ಬಿಟ್ಟು. ಒಂದು ವಾಕ್ಯ ಹೇಳಿ ಅವಳು ಸುಮ್ಮನಾದರೆ ಸುಮ್ಮನಾದಳೇ. ಮುಂದಿನದು ಬಾಯಿಗೆ ಬರುವ ಮುಂಚೆ ಎಲ್ಲೋ ಒಳಗೆ ಇಟ್ಟು ತಿರುಗಿಸಿ ನೋಡುವಳು. ಅಷ್ಟರಲ್ಲಿ ನಾನು ಕಾಲು ಕುಣಿಸುವೆ, ಜಂತಿ ಎಣಿಸುವೆ, ಅಂಗಳದಲ್ಲಿ ಒಣಗುತ್ತಿದ್ದ ತೆಂಗಿನಕಾಯಿಗಳ ರಾಶಿಯನ್ನೂ ಎಣಿಸುವೆ.

"ಏನೇ, ಪೆನ್ನಿನ ಮುಚ್ಚಳ ತಿಂತಿದೀಯಾ?" ಎಂದಳು ಒಂದು ಸಲ.

ನಾನು ಬಾಯಿಂದ ಮುಚ್ಚಳ ತೆಗೆದೆ. "ಹೆಂಗೆ ಗೊತ್ತಾಯ್ತಕ್ಕ?"

"ಕಿವಿ ಐತಲ್ಲ ನಂಗೆ. ಕಟುಂ ಕಟುಂ ಅಂತೈತೆ. ಅವಸರ ಏನು? ಅದಕ್ಕೇ ತಾನೇ ಸರ್ಕಾರ ಅರ್ಧ ಗಂಟೆ ಜಾಸ್ತಿ ಕೊಟ್ಟಿರೋದು?"

ಹೌದು, ಅವಳಂಥವರಿಗೆ ಮೂರು ಗಂಟೆಯ ಮೇಲೆ ಅರ್ಧ ಗಂಟೆ ಹೆಚ್ಚಿಗೆ ಸಿಗುತ್ತಿತ್ತು. ಅದು ಅವಳಿಗೆ ಸಿಕ್ಕ ಅನುಕೂಲ. ನನಗೋ, ಎಲ್ಲರೂ ಎದ್ದು ಹೋದ ಮೇಲೂ ಅಲ್ಲೇ ಕೂರಿಸುವ ಶಿಕ್ಷೆ ಎಂದು ಕಂಡಿತ್ತು.

ಪರೀಕ್ಷೆಯ ದಿನವೇ ಬೇಲೂರಿನಲ್ಲಿ ನಮ್ಮ ಸೋದರಮಾವನ ಮಗಳ ಮದುವೆಯ ವರಪೂಜೆ ಬಿತ್ತು. ಅಮ್ಮ ಬೆಳಿಗ್ಗೆಯೇ ಎಚ್ಚರಿಸಿದಳು, "ಒಂದೂ ಮುಕ್ಕಾಲಿನ ಬಸ್ಸು. ನಾವು ಬಸ್ ಸ್ಟ್ಯಾಂಡಲ್ಲೇ ಇರ್ತೀವಿ. ತಪ್ಪಿದ್ರೆ ನೀನು ಅಜ್ಜಿ ಜೊತೆ ಮನೇಲಿ." ನನ್ನ ಹೊಸ ಲಂಗ ದಾವಣಿ ಆಗಲೇ ಬ್ಯಾಗು ಸೇರಿತ್ತು. ಪರೀಕ್ಷೆ ಹತ್ತರಿಂದ ಒಂದು, ಅರ್ಧ ಗಂಟೆ ಸೇರಿಸಿದರೆ ಒಂದೂವರೆ. ಶಾಲೆಯಿಂದ ಬಸ್ ಸ್ಟ್ಯಾಂಡಿಗೆ ಓಡಿದರೆ ಹತ್ತು ನಿಮಿಷ. ಬೆಳಿಗ್ಗೆಯಿಂದ ಈ ಲೆಕ್ಕ ಬಿಟ್ಟರೆ ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ.

ನಮಗೆ ಕೊಟ್ಟದ್ದು ಆಟದ ಸಾಮಾನಿಡುವ ಕೋಣೆ. ಮೂಲೆಯಲ್ಲಿ ಗಾಳಿ ಹೋದ ವಾಲಿಬಾಲುಗಳು, ಗೋಡೆಗೆ ಒರಗಿಸಿದ್ದ ಹೈಜಂಪ್ ಕಂಬಗಳು. ಮೇಲ್ವಿಚಾರಕರು ಬೇರೆ ಊರಿನ ವಯಸ್ಸಾದ ಮೇಷ್ಟ್ರು. ಅವರು ನನ್ನ ಮುಂದೆ ಒಂದು ಕಾಗದ ಇಟ್ಟರು. ಅಭ್ಯರ್ಥಿಯು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ, ನನ್ನದೇನನ್ನೂ ಸೇರಿಸುವುದಿಲ್ಲ ಎಂದು ಅದರಲ್ಲಿತ್ತು. ಕೆಳಗೆ ಸಹಿ ಮಾಡಿದೆ. ಅಲ್ಲಿಯವರೆಗೆ ನೋಟ್ಸಿನ ಕೊನೆಯ ಹಾಳೆಯಲ್ಲಿ ಸಹಿ ಅಭ್ಯಾಸ ಮಾಡಿದ್ದೆನೇ ಹೊರತು ನಿಜವಾದ ಕಾಗದಕ್ಕೆ ಹಾಕಿದ್ದು ಅದೇ ಮೊದಲು. ಬಾಲ ಸ್ವಲ್ಪ ಉದ್ದವಾಯಿತೆಂದು ಬೇಜಾರಾಯಿತು.

"ನೋಡಮ್ಮ, ಒಂದಕ್ಷರ ನಿಂದು ಸೇರಿದ್ರೂ ನಾನು ಪೇಪರು ಕಿತ್ಕೊಂಡು ಇಬ್ಬರನ್ನೂ ಎಬ್ಬಿಸಿ ಕಳಿಸ್ತೀನಿ" ಎಂದರು ಮೇಷ್ಟ್ರು. ಆಮೇಲೆ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತರು.

ಮಧ್ಯಾಹ್ನ ಒಂದು ಗಂಟೆಯವರೆಗೆ ನಾನು ಪ್ರಾಮಾಣಿಕಳಾಗಿಯೇ ಇದ್ದೆ. ಅವಳು ಹೇಳಿದ್ದೇ ಬರೆದೆ, ತಟ್ಟಿದಲ್ಲಿ ನಿಲ್ಲಿಸಿದೆ, ಓದು ಎಂದಾಗ ಓದಿದೆ. ಸಂದರ್ಭ ಸಹಿತ ವಾಕ್ಯ ಮುಗಿಯಿತು, ಕಂಠಪಾಠದ ಪದ್ಯ ಮುಗಿಯಿತು, ಪತ್ರ ಲೇಖನ ಮುಗಿಯಿತು. ಉಳಿದದ್ದು ಪ್ರಬಂಧ. ಅಷ್ಟರಲ್ಲಿ ಉದ್ದನೆಯ ಗಂಟೆ ಹೊಡೆಯಿತು. ಹೊರಗೆ ಗದ್ದಲ ಶುರುವಾಯಿತು. ಹುಡುಗಿಯರು ಪ್ರಶ್ನೆಪತ್ರಿಕೆ ಹಿಡಿದು ಕೂಗಾಡುತ್ತ ನಮ್ಮ ಕಿಟಕಿಯ ಮುಂದೆಯೇ ಹೋದರು. ಐದು ನಿಮಿಷದಲ್ಲಿ ಶಾಲೆ ಖಾಲಿಯಾಯಿತು. ನಾನು ಮಾತ್ರ ಅಲ್ಲೇ.

"ಪ್ರಬಂಧ ಏನೈತೆ?" ಎಂದಳು ಅಕ್ಕ.

ಓದಿದೆ: "ನೀವು ನೋಡಿದ ಒಂದು ಪ್ರೇಕ್ಷಣೀಯ ಸ್ಥಳ."

ಅವಳು ನಕ್ಕಳು. "ನೋಡಿದ ಅಂತಾನೇ ಐತಾ? ಸರಿ, ಬರಿ. ಹಳೇಬೀಡು."

ನನ್ನೊಳಗೆ ಯಾರೋ ಸ್ವಿಚ್ ಒತ್ತಿದ ಹಾಗಾಯಿತು. ಗೈಡಿನಲ್ಲಿ ಹಳೇಬೀಡಿನ ಮೇಲೆ ಎರಡೂವರೆ ಪುಟದ ಪ್ರಬಂಧವಿತ್ತು, ಅದರ ಪೀಠಿಕೆಯಿಂದ ಉಪಸಂಹಾರದವರೆಗೆ ನನ್ನ ನಾಲಿಗೆಯ ತುದಿಯಲ್ಲಿತ್ತು. ಅವಳು ಶುರು ಮಾಡಿದಳು.

"ನಾನು ಹಳೇಬೀಡಿಗೆ ಎರಡು ಸಲ ಹೋಗಿದ್ದೇನೆ." ಟಕ್ ಟಕ್. "ಮೊದಲ ಸಲ ಹೋದಾಗ ನನಗೆ ಕಣ್ಣಿತ್ತು." ಟಕ್ ಟಕ್. "ಅವತ್ತು ನಾನು ಐಸ್ ಕ್ಯಾಂಡಿ ತಿಂದೆ, ಅದು ಕೆಂಪಗಿತ್ತು." ಟಕ್ ಟಕ್. ಆಮೇಲೆ ಮೌನ.

ಐಸ್ ಕ್ಯಾಂಡಿ! ಎಸ್ಸೆಸ್ಸೆಲ್ಸಿ ಪ್ರಬಂಧದಲ್ಲಿ ಐಸ್ ಕ್ಯಾಂಡಿ! ರಾಜರಿಲ್ಲ, ವಂಶವಿಲ್ಲ, ಶಿಲ್ಪಕಲೆಯ ತವರೂರು ಎಂಬ ಮಾತಿಲ್ಲ. ಇದಕ್ಕೆ ಯಾರು ಮಾರ್ಕ್ಸ್ ಕೊಡುತ್ತಾರೆ? ನನಗೆ ಸಿಟ್ಟೇ ಬಂತು. ಮೂರನೇ ಸಲ ಕಟ್ಟಿದ್ದಾಳೆ, ಕಡೇ ಸಲ, ಇವಳಿಗೆ ಪಾಸಾಗಬೇಕೋ ಬೇಡವೋ? ಅವಳ ಒಳ್ಳೆಯದಕ್ಕೇ ಎಂದು ಆಗ ನನಗೆ ನಾನೇ ಹೇಳಿಕೊಂಡದ್ದು ನಿಜ. ಗೋಡೆಯ ಗಡಿಯಾರ ಒಂದೂ ಐದು ತೋರಿಸುತ್ತಿದ್ದದ್ದೂ ಅಷ್ಟೇ ನಿಜ. ಎರಡರಲ್ಲಿ ಯಾವುದು ಹೆಚ್ಚು ಎಂದು ಈಗಲೂ ಎದೆ ಮುಟ್ಟಿಕೊಂಡು ಹೇಳಲಾರೆ.

ಅವಳ ಆ ಮೂರು ವಾಕ್ಯಗಳಲ್ಲಿ ಒಂದನ್ನೂ ಬರೆಯದೆ ನಾನು ಗೈಡಿನ ಪ್ರಬಂಧ ಬರೆಯತೊಡಗಿದೆ.

ಅವಳು ಹೇಳುತ್ತಲೇ ಇದ್ದಳು. ಎರಡನೇ ಸಲ ಹೋದಾಗ ಕಣ್ಣಿರಲಿಲ್ಲ. ಚಪ್ಪಲಿ ಬಿಟ್ಟು ಜಗಲಿ ಹತ್ತಿದೆ, ಕಲ್ಲು ಕಾದಿತ್ತು. ಅವ್ವ ನನ್ನ ಕೈ ಹಿಡಿದು ಗೋಡೆಯ ಕೆಳಗಿನ ಸಾಲಿಗೆ ಇಟ್ಟಳು. ಅಲ್ಲಿ ಆನೆಗಳಿದ್ದವು. ಒಂದು ಆನೆಯ ಸೊಂಡಿಲು ಮುಗಿಯುವುದರೊಳಗೆ ಮುಂದಿನದರ ಬಾಲ ಸಿಗುತ್ತಿತ್ತು. ಬಗ್ಗಿಕೊಂಡು ಎಣಿಸುತ್ತ ಹೋದೆ. ನಡುವೆ ಒಂದಕ್ಕೆ ಸೊಂಡಿಲು ಮುರಿದಿತ್ತು, ಅಲ್ಲಿ ಕಲ್ಲು ಒರಟಾಗಿತ್ತು. ಮೂವತ್ತೊಂದನೇ ಆನೆಯ ಹತ್ತಿರ ಕಾವಲುಗಾರ ಬಂದು, ಮುಟ್ಟಬೇಡಿ, ಬರೀ ನೋಡಿ ಎಂದ. ಅವ್ವ, ಅವಳು ನೋಡೋದೇ ಹಂಗೆ ಕಣಪ್ಪ ಎಂದಳು.

ಅವಳ ಒಂದೊಂದು ವಾಕ್ಯದ ನಂತರವೂ ಅದೇ ಮೌನ. ನನಗೆ ಈಗ ಅದರಿಂದ ತೊಂದರೆಯೇ ಇರಲಿಲ್ಲ. ಅವಳು ನಿಂತಾಗಲೂ ನನ್ನ ಪೆನ್ನು ಓಡುತ್ತಿತ್ತು. ಒಂದು ಹಾಳೆ ತಿರುಗಿಸಿದೆ, ಇನ್ನೊಂದು ತಿರುಗಿಸಿದೆ. ಮೇಷ್ಟ್ರು ಒಮ್ಮೆ ಎದ್ದು ಬಂದು ನನ್ನ ಭುಜದ ಹಿಂದೆ ನಿಂತರು. ಅವರು ಕನ್ನಡಕ ಏರಿಸಿ, "ಅಕ್ಷರ ಮುತ್ತಿನ ಹಾಗಿದೆ" ಎಂದು ಹೇಳಿ ಹೋದರು. ಒಂದೂ ಇಪ್ಪತ್ತಕ್ಕೆ ಉಪಸಂಹಾರವನ್ನೂ ಬರೆದು ಮುಗಿಸಿದೆ. ಮುಂದಿನ ಪೀಳಿಗೆಗಾಗಿ ಇಂಥ ಸ್ಮಾರಕಗಳನ್ನು ಕಾಪಾಡುವುದು ನಮ್ಮೆಲ್ಲರ ಕರ್ತವ್ಯ ಎಂದು.

ಅಕ್ಕ ಇನ್ನೂ ಮುಗಿಸಿರಲಿಲ್ಲ. ಕೊನೆಯ ವಾಕ್ಯಕ್ಕಾಗಿ ಹುಡುಕುತ್ತಿದ್ದಳು. ಒಂದು ನಿಮಿಷ ಕಾದೆ, ಎರಡು ನಿಮಿಷ ಕಾದೆ.

"ಟೈಮಾಯ್ತಕ್ಕ" ಎಂದೆ. ಆಗಿರಲಿಲ್ಲ. ಇನ್ನೂ ಎಂಟು ನಿಮಿಷವಿತ್ತು.

ಅವಳು ತಲೆ ನನ್ನ ಕಡೆ ತಿರುಗಿಸಿದಳು. ಆಮೇಲೆ "ಓದು" ಎಂದಳು.

ಇದನ್ನು ನಾನು ಮರೆತೇಬಿಟ್ಟಿದ್ದೆ. ಮುಂದೆ ತೆರೆದಿದ್ದ ಹಾಳೆಯಲ್ಲಿ ಅವಳ ಒಂದು ಮಾತೂ ಇರಲಿಲ್ಲ. ನಾನು ಕಣ್ಣನ್ನು ಗೋಡೆಗೆ ನೆಟ್ಟು, ಅವಳು ಹೇಳಿದ್ದನ್ನು ನೆನಪಿನಿಂದ ಓದಿದೆ. ನಾನು ಹಳೇಬೀಡಿಗೆ ಎರಡು ಸಲ ಹೋಗಿದ್ದೇನೆ. ಮೊದಲ ಸಲ ಹೋದಾಗ ನನಗೆ ಕಣ್ಣಿತ್ತು. ಐಸ್ ಕ್ಯಾಂಡಿ, ಕಾದ ಕಲ್ಲು, ಆನೆ, ಬಾಲ, ಕಾವಲುಗಾರ, ಒಂದನ್ನೂ ಬಿಡದೆ ಓದಿದೆ. ನನ್ನ ನೆನಪಿನ ಬಗ್ಗೆ ನನಗೇ ಹೆಮ್ಮೆಯಾಯಿತು.

ಅವಳು ತಲೆಯಾಡಿಸಲಿಲ್ಲ. "ಸರಿ. ಕೊಟ್ಬುಡು" ಎಂದಳು.

ಒಂದೂ ಮುಕ್ಕಾಲಿನ ಬಸ್ಸು ಸಿಕ್ಕಿತು. ಅಮ್ಮನ ಪಕ್ಕ ಕಿಟಕಿಯ ಸೀಟೂ ಸಿಕ್ಕಿತು. ಜಾವಗಲ್ ದಾಟಿ ಬಸ್ಸು ಹಳೇಬೀಡಿನಲ್ಲಿ ನಿಂತಾಗ ಅಪ್ಪ ಕೆಳಗಿಳಿದು ಕಡಲೆಕಾಯಿ ತಂದರು. ಸಿಪ್ಪೆ ಸುಲಿಯುತ್ತ ಕೂತಿದ್ದಾಗ ಒಂದು ವಿಷಯ ಹೊಳೆಯಿತು: ನಾನು ಆ ದೇವಸ್ಥಾನವನ್ನು ಒಂದು ಸಲವೂ ನೋಡಿರಲಿಲ್ಲ. ಬೇಲೂರಿಗೆ ಹೋಗುವಾಗೆಲ್ಲ ಹೀಗೆ ಬಸ್ಸಿನಲ್ಲೇ ದಾಟಿಹೋದವಳು. ಉಳಿದ ಕಡಲೆಕಾಯಿಯನ್ನು ಅಮ್ಮನ ಮಡಿಲಿಗೆ ಸುರಿದುಬಿಟ್ಟೆ.

ಅಕ್ಕ ಪಾಸಾದಳು. ರಿಸಲ್ಟ್ ಬಂದ ವಾರದಲ್ಲಿ ಅವಳೂ ಅವಳ ಅವ್ವನೂ ಸ್ಟೀಲ್ ಡಬ್ಬಿಯಲ್ಲಿ ಕೊಬ್ಬರಿ ಮಿಠಾಯಿ ತುಂಬಿಕೊಂಡು ನಮ್ಮ ಮನೆಗೆ ಬಂದರು. ಅವಳ ಅವ್ವ ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಅಮ್ಮ ಬೀದಿಗೆಲ್ಲ ಕೇಳುವಂತೆ ನನ್ನ ಅಕ್ಷರವನ್ನು ಹೊಗಳಿದಳು. ನಾನು ಕೂತಲ್ಲಿ ಕೂರಲಾರದೆ ನೀರು ತರುವ ನೆಪದಲ್ಲಿ ಮೂರು ಸಲ ಅಡುಗೆಮನೆಗೆ ಹೋದೆ.

ಹೊರಡುವಾಗ ಅಕ್ಕ ಬಾಗಿಲ ಹತ್ತಿರ ನನ್ನನ್ನು ಕೇಳಿದ್ದು ಒಂದೇ ಮಾತು. "ಪ್ರಬಂಧ ಎಷ್ಟು ಪುಟ ಬಂದಿತ್ತೇ?"

"ಎರಡು... ಎರಡೂವರೆ."

"ಹೂಂ" ಎಂದು ಚಪ್ಪಲಿ ಮೆಟ್ಟಿಕೊಂಡಳು.

ಅವಳು ಬೆಂಗಳೂರಿಗೆ ಹೋದಳೆಂದು ಕೇಳಿದೆ, ತರಬೇತಿ ಮುಗಿಸಿದಳೆಂದು ಕೇಳಿದೆ. ಆಮೇಲೆ ಸುದ್ದಿ ನಿಂತಿತು. ನಾನು ಬಿ.ಎ., ಬಿ.ಎಡ್. ಮುಗಿಸಿ ಹೈಸ್ಕೂಲಿನಲ್ಲಿ ಕನ್ನಡ ಟೀಚರಾದೆ. ಹಗರೆಯ ಹತ್ತಿರದ ಒಂದು ಊರು, ಮನೆ ಮಾಡಿದ್ದು ಬೇಲೂರಿನಲ್ಲಿ. ಅಲ್ಲಿಂದ ಶಾಲೆಯ ಪ್ರವಾಸವೆಂದರೆ ಪ್ರತಿ ವರ್ಷವೂ ಹಳೇಬೀಡೇ, ಹತ್ತಿರ, ಖರ್ಚಿಲ್ಲ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಗೋಡೆಯ ಸುತ್ತ ಕರೆದೊಯ್ಯುವುದು ನನ್ನ ಕೆಲಸ. ಕೆಳಗಿನ ಸಾಲಿನ ಆನೆಗಳ ಹತ್ತಿರ ಬಂದರೆ ನನ್ನ ಕಾಲು ತಾನಾಗಿ ಬಿರುಸಾಗುತ್ತಿತ್ತು. "ಬೇಗ ಬೇಗ ನಡೀರೋ, ಬಸ್ಸು ಕಾಯ್ತಿದೆ" ಎಂದು ಅಟ್ಟುತ್ತಿದ್ದೆ. ಬಸ್ಸು ನಮ್ಮದೇ, ಎಲ್ಲಿಗೂ ಹೋಗುತ್ತಿರಲಿಲ್ಲ.

ಮರುದಿನ ಪ್ರಬಂಧ ಬರೆಸಿದರೆ ನಲವತ್ತು ಮಕ್ಕಳೂ ಒಂದೇ ಬರೆದುಕೊಂಡು ಬರುತ್ತಿದ್ದರು. ಶಿಲ್ಪಕಲೆಯ ತವರೂರು ಎಂದು ಶುರು, ನಮ್ಮೆಲ್ಲರ ಕರ್ತವ್ಯ ಎಂದು ಮುಕ್ತಾಯ. ಹಿಂದಿನ ದಿನ ಇವರೆಲ್ಲ ಅಲ್ಲಿಗೆ ಹೋಗಿದ್ದರೋ ಇಲ್ಲವೋ ಎಂದು ಅನುಮಾನ ಬರಬೇಕು. ನಾನು ಹಲ್ಲು ಕಚ್ಚಿಕೊಂಡು ಎಲ್ಲರಿಗೂ ಹತ್ತಕ್ಕೆ ಎಂಟು ಹಾಕುತ್ತಿದ್ದೆ. ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ಹೋದಾಗಲೂ ಅದೇ ಪ್ರಬಂಧ, ಅದೇ ಎಂಟು. ಕಣ್ಣು ಕಾಣದ ಮಕ್ಕಳ ಕೋಣೆಗೆ ಮೇಲ್ವಿಚಾರಕಿಯಾಗಿ ಹಾಕಿದಾಗ ಮಾತ್ರ ಜ್ವರ ಎಂದು ಸುಳ್ಳು ಹೇಳಿ ತಪ್ಪಿಸಿಕೊಂಡೆ, ಎರಡು ವರ್ಷ.

ಒಂದು ದಿನ ವರ್ಗಾವಣೆಯ ಅರ್ಜಿ ಎಲ್ಲಿಗೆ ಬಂತೆಂದು ಕೇಳಲು ಹಾಸನದ ಒಂದು ಕಚೇರಿಗೆ ಫೋನ್ ಮಾಡಿದೆ.

"ನಮಸ್ಕಾರ, ಯಾವ ಸೆಕ್ಷನ್ ಬೇಕಿತ್ತು?" ಎಂದಿತು ಆ ಕಡೆಯ ಧ್ವನಿ.

ಫೋನ್ ಇಟ್ಟುಬಿಟ್ಟೆ. ಹತ್ತು ವರ್ಷ ದಾಟಿದ್ದರೂ ಅದು ಅಕ್ಕನೇ ಎಂದು ಗುರುತು ಹಿಡಿಯಲು ಒಂದು ಕ್ಷಣ ಸಾಕಾಯಿತು. ಮತ್ತೆ ಮಾಡಿದೆ, ಮತ್ತೆ ಇಟ್ಟೆ. ಮೂರನೇ ಸಲ ಅವಳೇ ಮಾತು ಮುಂದುವರಿಸಿದಳು. "ಯಾರ್ರೀ ಅದು? ಮೂರ್ ಸಲ ಆಯ್ತು. ಉಸಿರು ಬಿಡೋದು ಕೇಳಿಸ್ತೈತೆ, ಮಾತಾಡಿ."

"ನಾನಕ್ಕ" ಎಂದೆ. "ಅರಸೀಕೆರೆಯವಳು. ನಿಮ್ಮ ಕನ್ನಡ ಪೇಪರು..."

"ಗೊತ್ತಾಯ್ತು ಬುಡು" ಎಂದಳು. "ಹಿಂಗೆ ಅವಸರವಾಗಿ ಉಸಿರು ಬಿಡೋರು ಇನ್ಯಾರವ್ರೆ?"

ಒಂದು ಭಾನುವಾರ ಹಳೇಬೀಡಿನಲ್ಲಿ ಸಿಗೋಣ ಎಂದವಳು ಅವಳೇ. ಹಾಸನದಿಂದ ಒಬ್ಬಳೇ ಬಂದು ಬಸ್ಸಿಳಿದಳು, ಕೈಯಲ್ಲಿ ಬಿಳಿ ಕೋಲು, ಹೆಗಲಲ್ಲಿ ವ್ಯಾನಿಟಿ ಬ್ಯಾಗು. ಕೂದಲಲ್ಲಿ ಅಲ್ಲಲ್ಲಿ ಬಿಳಿ. ನಾನು ಕೈ ಹಿಡಿಯಲು ಹೋದರೆ, "ನೀನು ಮುಂದೆ ಎಳಿಬ್ಯಾಡ, ನಾನೇ ನಿನ್ನ ತೋಳು ಹಿಡ್ಕತೀನಿ" ಎಂದಳು. ಚಪ್ಪಲಿ ಬಿಟ್ಟು ಜಗಲಿ ಹತ್ತಿದೆವು. ಕಲ್ಲು ಕಾದಿತ್ತು. ಗೋಡೆಯ ಹತ್ತಿರ ಹೋಗುವವರೆಗೂ ನನಗೆ ತಡೆಯಲಾಗಲಿಲ್ಲ, ಅಲ್ಲೇ ನಿಂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ಗೈಡು, ಬಸ್ಸು, ಸುಳ್ಳು ಓದಿದ್ದು, ಎಂಟು ನಿಮಿಷ ಕದ್ದದ್ದು.

"ಗೊತ್ತು ಕಣೇ" ಎಂದಳು ಅವಳು.

"ಗೊತ್ತಿತ್ತಾ? ಯಾವಾಗಿಂದ?"

"ಅವತ್ತಿಂದ. ನಾನು ನಿಲ್ಸಿದ್ರೂ ನಿನ್ನ ಪೆನ್ನು ನಿಲ್ಲಲಿಲ್ಲ. ಬರೆಯುವಾಗ ಎರಡು ಸಲ ಹಾಳೆ ತಿರುವಿದೆ, ಓದುವಾಗ ಒಂದ್ ಸಲಾನೂ ತಿರುವಲಿಲ್ಲ."

ನನಗೆ ಕಾಲಡಿಯ ಬಿಸಿ ತಾಳಲಾಗಲಿಲ್ಲ. "ಮತ್ತೆ ಯಾಕಕ್ಕ ಹೇಳ್ಲಿಲ್ಲ?"

"ಯಾರಿಗೆ ಹೇಳ್ಲಿ? ಆ ಮೇಷ್ಟ್ರು ಇಬ್ಬರನ್ನೂ ಎಬ್ಬಿಸ್ತೀನಿ ಅಂದಿದ್ರು. ಅದೇ ಕಡೇ ಸಲ. ನಂಗೆ ಪಾಸಾಗಬೇಕಿತ್ತು, ಸುಮ್ಕಾದೆ." ಅವಳು ಗೋಡೆಯ ಕಡೆ ಕೈ ಚಾಚಿದಳು. "ನಿನ್ನ ಮ್ಯಾಗೆ ಕೋಪ ಇಲ್ಲ ಅನ್ಕಬ್ಯಾಡ. ಐತೆ. ಕೆಲಸ ಸಿಕ್ಕಾಗ ಎಲ್ಲರೂ ಭೇಷ್ ಅಂದ್ರು. ಫೋನ್ ಎತ್ತಿದಾಗೆಲ್ಲ ಒಂದೇ ಯೋಚನೆ, ಇದು ನಂದಾ, ಆ ಹುಡುಗೀದಾ ಅಂತ."

ಕ್ಷಮಿಸಿ ಎನ್ನುವ ಬದಲು ಅವಳು ಚಾಚಿದ ಕೈಯನ್ನು ಗೋಡೆಗೆ ಮುಟ್ಟಿಸಿದೆ.

"ಪೆನ್ನೈತಾ?" ಎಂದಳು.

ಇತ್ತು. ಬ್ಯಾಗಿನಲ್ಲಿ ಮಕ್ಕಳ ಒಂದು ನೋಟ್ ಪುಸ್ತಕವೂ ಇತ್ತು. ನೆರಳಿದ್ದ ಕಡೆ ಜಗಲಿಯ ಮೇಲೆ ಕೂತೆವು. ಅವಳು ಶುರು ಮಾಡಿದಳು. "ನಾನು ಹಳೇಬೀಡಿಗೆ ಎರಡು ಸಲ ಹೋಗಿದ್ದೇನೆ." ಉಗುರಿನಿಂದ ಕಲ್ಲಿನ ಮೇಲೆ ಟಕ್ ಟಕ್. ಹೆಚ್ಚುಕಡಿಮೆ ಅವೇ ಮಾತುಗಳು. ಐಸ್ ಕ್ಯಾಂಡಿ ಬಂತು, ಅವ್ವ ಬಂದಳು, ಸೊಂಡಿಲು ಮುರಿದ ಆನೆ ಬಂತು, ಕಾವಲುಗಾರ ಬಂದ. ಆಮೇಲೆ ಕೊನೆಯ ವಾಕ್ಯಕ್ಕೆ ಮುಂಚಿನ ಮೌನವೂ ಬಂತು. ಯಾವುದೋ ಶಾಲೆಯ ಮಕ್ಕಳು ನಮ್ಮ ಮುಂದೆ ಓಡಿಹೋದರು. ಹೊರಗೆ ಬೇಲೂರಿನ ಬಸ್ಸು ಹಾರ್ನ್ ಹೊಡೆಯಿತು, ಹೊರಟೂ ಹೋಯಿತು. ನನ್ನ ಮೊಣಕಾಲು ಕುಣಿಯತೊಡಗಿತು, ಎಡಗೈಯಿಂದ ಒತ್ತಿ ಹಿಡಿದೆ. ಪೆನ್ನಿನ ಮೊನೆಯನ್ನು ಹಾಳೆಗೆ ತಾಗಿಸದೆ ಎತ್ತಿ ಹಿಡಿದಿದ್ದೆ.

"ಉಳಿದ ಆನೆಗಳನ್ನು ಇನ್ನೊಂದು ಸಲ ಬಂದಾಗ ಎಣಿಸುತ್ತೇನೆ" ಎಂದಳು ಕೊನೆಗೆ. ಟಕ್ ಟಕ್.

ಓದು ಎಂದಳು. ಓದಿದೆ. ಒಂದು ಪುಟವೂ ತುಂಬಿರಲಿಲ್ಲ, ತಿರುವಲು ಹಾಳೆಯೇ ಬೇಕಾಗಲಿಲ್ಲ.

"ಈಗ ನೀನು ಟೀಚರಮ್ಮ ಅಲ್ವಾ? ಹತ್ತಕ್ಕೆ ಮಾರ್ಕ್ಸ್ ಹಾಕು. ನಂಗೋಸ್ಕರ ಅಲ್ಲ, ಪೇಪರ್ ತಿದ್ದೋರು ಹೆಂಗೆ ಹಾಕ್ತಾರೋ ಹಂಗೆ."

"ಒಂಬತ್ತು" ಎಂದೆ ತಕ್ಷಣ.

"ಸುಳ್ಳು ಓದ್ಬ್ಯಾಡ" ಎಂದಳು. "ಒಂದು ಲೆಕ್ಕ ಐತೆ ನಂದು. ಮೊದ್ಲೇ ಹೇಳಿದ್ರೆ ನೀನು ಅದಕ್ಕೆ ತಕ್ಕಂಗೆ ಹಾಕ್ತೀಯ. ಸರಿಯಾಗಿ ನೋಡಿ ಹಾಕು. ಅವಸರ ಇಲ್ಲ."

ಮೌಲ್ಯಮಾಪನದ ಮೇಜಿನ ಮುಂದೆ ಕೂತಂತೆ ಹಾಳೆಯನ್ನು ನೋಡಿದೆ. ಪೀಠಿಕೆ ಇಲ್ಲ, ಕಡಿತ. ಇತಿಹಾಸದ ಮಾಹಿತಿ ಇಲ್ಲ, ಕಡಿತ. ಉದ್ದ ಸಾಲದು, ಅರ್ಧ ಕಡಿತ. ಭಾಷೆ ಶುದ್ಧ, ವಿಷಯ ಸ್ವಂತದ್ದು, ವಾಕ್ಯಕ್ಕೆ ವಾಕ್ಯ ಕೂಡಿದೆ. ಎರಡು ಸಲ ಕೂಡಿಸಿದೆ, ಮೂರು ಸಲ ಕೂಡಿಸಿದೆ. ಇನ್ನೂ ಹಾಕಬೇಕೆಂದು ಕೈ ತುಡಿಯುತ್ತಿತ್ತು. ಹಾಕಲಿಲ್ಲ.

"ಆರು" ಎಂದೆ. ಅಳುವ ಹಾಗಾಗಿತ್ತು. "ನಿಜವಾಗ್ಲೂ ಆರು ಕಣಕ್ಕ."

ಅವಳು ಬೆರಳು ಮಡಿಸುತ್ತ ನಿಧಾನವಾಗಿ ಹೇಳಿದಳು. "ನಂಗೆ ಪಾಸಿಗಿಂತ ಐದು ಜಾಸ್ತಿ ಬಂದಿತ್ತು. ನಿನ್ನ ಪ್ರಬಂಧಕ್ಕೆ ಹತ್ತಕ್ಕೆ ಹತ್ತೂ ಹಾಕಿದ್ರು ಅಂತಾನೇ ಇಟ್ಕ. ಆ ಹತ್ತನ್ನೂ ತೆಗೆದುಬುಡು. ಪಾಸಿಗೆ ಐದು ಕಮ್ಮಿ ಆಯ್ತದೆ."

ಮಡಿಸಿದ ಬೆರಳುಗಳನ್ನು ಬಿಚ್ಚಿ ಅಂಗೈಯನ್ನು ಕಲ್ಲಿನ ಮೇಲಿಟ್ಟಳು.

"ಐದು ಸಾಕಾಗಿತ್ತು ಕಣೇ" ಎಂದಳು.